ತಲವೋರಾದ ಜಾಗಟೆ

ಗೋವಾದ ನಮ್ಮ ವೆಲಿಂ ಊರಿನಲ್ಲಿ ಗಂಡಸರನ್ನು ಮನೆತನದ ಹೆಸರು ಹಿಡಿದು ಕರೆಯುವವರು ಪಾದ್ರಿಗಳು ಮಾತ್ರ, ಅದೂ ಮದುವೆಗೊಮ್ಮೆ, ಮಣ್ಣಿಗೊಮ್ಮೆ. ಉಳಿದ ದಿನಗಳಲ್ಲಿ ಹಡಗಿನ ಹೆಸರೇ ಹೆಸರು. ಯಾವ ಹಡಗಿನಲ್ಲಿ ಪ್ರಾಯ ಕಳೆದನೋ ಆ ಹಡಗು ಬಂದು ಅವನ ಹೆಸರಿನ ಮುಂದೆ ಕೂತುಬಿಡುತ್ತದೆ. ವರ್ಷಕ್ಕೊಂದು ಹಡಗು ಬದಲಾಯಿಸುವವನಿಗೆ ನಮ್ಮಲ್ಲಿ ಅಂಥ ಬೆಲೆಯಿಲ್ಲ. ಹೆಣ್ಣು ಕೊಡುವವರೂ ಸ್ವಲ್ಪ ಯೋಚಿಸುತ್ತಾರೆ. ಬೊಸ್ತ್ಯಾಂವ್ ಕುಲಾಸ್ ಜೀವಮಾನವಿಡೀ ಒಂದೇ ಹಡಗಿನವನು. ತಲವೋರಾ ಹೊಚ್ಚ ಹೊಸದಾಗಿ ಮುಂಬಯಿಗೆ ಬಂದು ನಿಂತಾಗ ಪ್ಲೇಟು ಒರೆಸುವ ಕೆಲಸಕ್ಕೆ ಹತ್ತಿದವನು ಅದರಲ್ಲೇ ಮೀಸೆ ಬೆಳೆಸಿದ, ಅದರಲ್ಲೇ ಬಟ್ಲರ್ ಆದ. ಹಾಗಾಗಿ ಊರಿಗೆಲ್ಲ ಅವನು ತಲವೋರಾ ಬೊಸ್ತ್ಯಾಂವ್. ಹೆಂಡತಿ ರಾಕೆಲಿನ್‌ಗೆ ಮಾತ್ರ ಆ ಹೆಸರು ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತಿತ್ತು.

"ಅದು ಹಡಗಲ್ಲ, ನನ್ನ ಸವತಿ," ಎನ್ನುತ್ತಿದ್ದಳು ಅವನ ಟ್ರಂಕಿಗೆ ಒಣಮೀನು, ಮಾವಿನ ಉಪ್ಪಿನಕಾಯಿ, ಪೇರಳೆ ಹಲ್ವ ತುಂಬುತ್ತ. "ವರ್ಷದಲ್ಲಿ ಎರಡು ತಿಂಗಳು ನನ್ನ ಹತ್ರ, ಹತ್ತು ತಿಂಗಳು ಅವಳ ಹತ್ರ. ಅದೂ ನನ್ನ ಹತ್ರ ಇದ್ದಾಗ ಮಾತೆಲ್ಲ ಅವಳದ್ದೇ."

"ಅವಳು ನಿನ್ನ ಹಾಗೆ ಬೈಯೋದಿಲ್ಲ ನೋಡು," ಎನ್ನುತ್ತಿದ್ದ ಬೊಸ್ತ್ಯಾಂವ್.

"ಬೈಯೋದಿಲ್ಲ, ಮುಳುಗಿಸ್ತಾಳೆ ಒಂದಿನ. ಆವಾಗ ಗೊತ್ತಾಗುತ್ತೆ."

ಅವಳು ಬೈದದ್ದೂ ಸುಳ್ಳಲ್ಲ, ತಲವೋರಾದ ಮಾತು ಬಂದರೆ ಬೊಸ್ತ್ಯಾಂವ್‌ನಿಗೆ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಹಡಗೂ ಹಾಗೇ ಇತ್ತು ಬಿಡಿ. ಮೈಯೆಲ್ಲ ಬಿಳಿ, ಸೊಂಟಕ್ಕೊಂದು ನೀಲಿ ಪಟ್ಟಿ. ಮುಂಬಯಿಯಿಂದ ಜಾಂಜಿಬಾರ್, ಅಲ್ಲಿಂದ ಡರ್ಬನ್. ಗುಜರಾತಿ ವ್ಯಾಪಾರಿಗಳು, ಕಾಫಿ ತೋಟದ ದೊರೆಗಳು, ಕನ್ಯಾಸ್ತ್ರೀಯರು, ಒಮ್ಮೆ ಒಬ್ಬ ಗವರ್ನರ್ ಕೂಡ ಅದರಲ್ಲಿ ಹೋದದ್ದುಂಟು. ಊಟದ ಹಾಲ್‌ನಲ್ಲಿ ಗೋಡೆಗೆಲ್ಲ ಕನ್ನಡಿ, ತಲೆಯ ಮೇಲೆ ದೊಡ್ಡ ಗಾಜಿನ ದೀಪಗೊಂಚಲು, ಮೂಲೆಯಲ್ಲಿ ಪಿಯಾನೋ. ಇವೆಲ್ಲಕ್ಕಿಂತ ಹೆಚ್ಚಾಗಿ, ಬಟ್ಲರ್‌ನ ಕೈಯಲ್ಲಿ ಹಿತ್ತಾಳೆಯ ಜಾಗಟೆ.

ಊಟದ ಹೊತ್ತಾಯಿತೆಂದರೆ ಬೊಸ್ತ್ಯಾಂವ್ ಬಿಳಿ ಕೋಟಿನ ಗುಂಡಿಗಳನ್ನು ಕೊರಳ ತನಕ ಹಾಕಿ, ಜಾಗಟೆಯ ಪಟ್ಟಿಯನ್ನು ಎಡಗೈಗೆ ಸುತ್ತಿಕೊಂಡು, ಬಲಗೈಯಲ್ಲಿ ಚರ್ಮದ ತಲೆಯ ಕೋಲು ಹಿಡಿದು ಹೊರಡುತ್ತಿದ್ದ. ಹಡಗಿನ ಮುಂಭಾಗದ ಕೆಳಗಿನ ಅಂತಸ್ತಿನಿಂದ ಶುರು. ಓಣಿ ತಿರುಗುವಲ್ಲೆಲ್ಲ ಒಂದು ಪೆಟ್ಟು, ಮೆಟ್ಟಿಲು ಬಂದಲ್ಲಿ ಎರಡು, ಕೊನೆಗೆ ಊಟದ ಹಾಲ್‌ನ ಬಾಗಿಲಲ್ಲಿ ನಿಂತು ಉದ್ದಕ್ಕೆ ಗುಂಯ್‌ಗುಡಿಸುವುದು. ನಡಿಗೆಯೂ ಅಷ್ಟೆ, ಅವಸರವೂ ಇಲ್ಲ, ಆಲಸ್ಯವೂ ಇಲ್ಲ. ಪ್ರಯಾಣಿಕರ ಮಕ್ಕಳೆಲ್ಲ ಅವನ ಹಿಂದೆ ಸಾಲುಗಟ್ಟಿ ಬರುತ್ತಿದ್ದವು. ಒಂದು ಪೆಟ್ಟು ಹೊಡೆಯುತ್ತೇವೆಂದು ಗೋಗರೆಯುತ್ತಿದ್ದವು. ಗವರ್ನರ್‌ನ ಮೊಮ್ಮಗ ನೆಲಕ್ಕೆ ಬಿದ್ದು ಹೊರಳಾಡಿ ಅತ್ತರೂ ಬೊಸ್ತ್ಯಾಂವ್ ಕೋಲು ಕೊಟ್ಟವನಲ್ಲ.

ಯುದ್ಧ ಬಂತು. ಸರಕಾರ ತಲವೋರಾವನ್ನು ಸಿಪಾಯಿಗಳನ್ನು ಸಾಗಿಸುವುದಕ್ಕೆ ಎಳೆದುಕೊಂಡಿತು. ಮುಂಬಯಿಯ ಮಜಗಾಂವ್ ಹಡಗುಕಟ್ಟೆಯಲ್ಲಿ ಹಡಗಿಗೆ ಬೂದಿ ಬಣ್ಣ ಬಳಿದ ದಿನ ಬೊಸ್ತ್ಯಾಂವ್ ಅನ್ನದ ತಟ್ಟೆ ಮುಟ್ಟಲಿಲ್ಲ. ಕನ್ನಡಿ ಇಳಿಸಿದರು, ದೀಪಗೊಂಚಲನ್ನು ಹುಲ್ಲು ತುಂಬಿದ ಪೆಟ್ಟಿಗೆಗೆ ಹಾಕಿದರು, ಪಿಯಾನೋವನ್ನು ಹಗ್ಗ ಕಟ್ಟಿ ಹೆಣ ಇಳಿಸುವಂತೆ ಇಳಿಸಿದರು. ಮುಂದಿನ ಗೋದಾಮಿನೊಳಗೆ ಮರದ ಅಟ್ಟ ಕಟ್ಟಿ, ಒಂದರ ಮೇಲೊಂದು ಮಲಗುವ ಜಾಗ ಮಾಡಿದರು. ಇಳಿಸಬೇಕಾದ ಸಾಮಾನನ್ನು ನೋಡಿಕೊಳ್ಳಲು ಬಂದಿದ್ದ ಗುಮಾಸ್ತ ಅಡುಗೆಮನೆಗೂ ಬಂದ. ಗೋಡೆಯ ಮೇಲಿದ್ದ ಜಾಗಟೆ ಅವನ ಕಣ್ಣಿಗೆ ಬಿತ್ತು.

"ಇದೇನು?"

"ಮುಚ್ಚಳ," ಎಂದ ಬೊಸ್ತ್ಯಾಂವ್.

"ಯಾವುದರ ಮುಚ್ಚಳ?"

ಬೊಸ್ತ್ಯಾಂವ್ ಬಾಯಿ ತೆರೆಯುವ ಮೊದಲೇ ಮುಖ್ಯ ಅಡುಗೆಯವ ಜಾಕಿ ಜಾಗಟೆಯನ್ನು ಗೋಡೆಯಿಂದ ಎಗರಿಸಿ ಕುದಿಯುತ್ತಿದ್ದ ಅನ್ನದ ಹಂಡೆಯ ಮೇಲೆ ಧೊಪ್ಪನೆ ಇಟ್ಟುಬಿಟ್ಟ. ಜಾಕಿ ಕೂಡ ವೆಲಿಂನವನೇ; ಸುಳ್ಳಿಗೆ ನಮ್ಮವರು ಒಬ್ಬರಿಗೊಬ್ಬರು ಹೆಗಲು ಕೊಡುತ್ತಾರೆ.

"ಇದನ್ನೂ ತಗೊಂಡು ಹೋಗಿ, ಬಾಬ್. ಸಿಪಾಯಿಗಳಿಗೆ ಅನ್ನ ಯಾಕೆ ಹೊಗೆ ವಾಸನೆ ಅಂತ ಕಪ್ತಾನರು ಕೇಳಿದ್ರೆ ನಿಮ್ಮ ಹೆಸರು ಹೇಳ್ತೀನಿ," ಎಂದ ಜಾಕಿ.

ಗುಮಾಸ್ತ ಮೂಗು ಮುಚ್ಚಿಕೊಂಡು ಹೊರಟುಹೋದ. ಹಂಡೆಯ ಮೇಲಿಂದ ಜಾಗಟೆಯನ್ನು ಎತ್ತಿ ಒರೆಸುವಾಗ ಬೊಸ್ತ್ಯಾಂವ್‌ನ ಕೈ ಸುಟ್ಟಿತು. ಆದರೂ ಒರೆಸಿ ಮುಗಿಸಿಯೇ ಕೆಳಗಿಟ್ಟ.

ಸಿಪಾಯಿಗಳು ಹತ್ತಿದ ಬೆಳಿಗ್ಗೆ ಹಡಗಿನ ಏಣಿಯ ಬಾಯಲ್ಲಿ ಬೊಸ್ತ್ಯಾಂವ್ ಇಸ್ತ್ರಿ ಹಾಕಿದ ಕೋಟು ತೊಟ್ಟು ನಿಂತಿದ್ದ. ಪ್ರಯಾಣಿಕರನ್ನು ಬಟ್ಲರ್ ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳಬೇಕು, ಕೊನೆಯಲ್ಲಿ ಬಾಗಿಲಲ್ಲೇ ನಿಂತು ಬೀಳ್ಕೊಡಬೇಕು; ಅದು ತಲವೋರಾದ ಪದ್ಧತಿ. ಹತ್ತಿ ಬಂದವರು ಗಡ್ವಾಲದ ಬೆಟ್ಟದ ಹುಡುಗರು. ಸಮುದ್ರ ಹಾಗಿರಲಿ, ದೊಡ್ಡ ಕೆರೆಯನ್ನೂ ನೋಡಿರಲಿಲ್ಲ. ಬೂಟಿನ ಮೊಳೆಗಳು ಸಾಗುವಾನಿಯ ನೆಲವನ್ನು ಗೀರುತ್ತ ಹೋದವು. ಒಂದೊಂದು ಗೀರೂ ಬೊಸ್ತ್ಯಾಂವ್‌ನ ಎದೆಗೇ ಬಿದ್ದ ಹಾಗಿತ್ತು, ಆದರೂ ಒಬ್ಬೊಬ್ಬನಿಗೂ ತಲೆಬಾಗಿ "ಬನ್ನಿ ಸಾಹೇಬ್" ಎಂದ. ಹುಡುಗರು ಯಾವ ಸಾಹೇಬ ಬಂದನೋ ಎಂದು ಬೆನ್ನ ಹಿಂದೆ ತಿರುಗಿ ನೋಡಿದರು.

ಸಿಪಾಯಿಗಳ ಮೇಲ್ವಿಚಾರಣೆಗೆ ಹಡಗಿನಲ್ಲಿದ್ದವನು ಮೇಜರ್ ಪೆಂಬರ್ ಎಂಬ ತೆಳ್ಳಗಿನ, ನಿದ್ದೆಗೆಟ್ಟ ಕಣ್ಣಿನ ಇಂಗ್ಲಿಷಿನವನು. ಸ್ವಲ್ಪ ಹೊತ್ತು ಈ ಉಪಚಾರ ನೋಡಿ ಹತ್ತಿರ ಬಂದ.

"ಬಟ್ಲರ್, ಇವರು ಸಿಪಾಯಿಗಳು. ಪ್ಯಾಸೆಂಜರ್‌ಗಳಲ್ಲ."

"ತಲವೋರಾ ಹತ್ತಿದವರೆಲ್ಲ ಪ್ಯಾಸೆಂಜರೇ, ಸಾಬ್."

"ಈಗ ಇದು ಸೇನೆಯ ಹಡಗು."

"ಬಣ್ಣ ಸೇನೇದು, ಸಾಬ್," ಎಂದ ಬೊಸ್ತ್ಯಾಂವ್. ಹಡಗು ಯಾರದ್ದು ಎಂಬುದನ್ನು ಅವನು ಹೇಳಲಿಲ್ಲ, ಮೇಜರ್ ಕೇಳಲೂ ಇಲ್ಲ.

ಮುಂಬಯಿಯ ದಂಡೆ ಮರೆಯಾಗುತ್ತಲೇ ಹುಡುಗರು ಉದುರಿದರು. ಮುಂದಿನ ಗೋದಾಮಿನ ಅಟ್ಟಗಳಲ್ಲಿ ವಾಂತಿ, ನರಳಾಟ. ಅಡುಗೆ ಅವರದ್ದೇ ಜನರದ್ದು, ಮುಂಭಾಗದಲ್ಲಿ ಅವರದ್ದೇ ಒಲೆ. ಜಾತಿ ಕೆಟ್ಟೀತೆಂದು, ಜಾಕಿ ಸುಡುವ ಪಾವು ಬ್ರೆಡ್ಡಿನ ಕಡೆಗೆ ಅವರು ಕೈ ಚಾಚುತ್ತಿರಲಿಲ್ಲ. ಆದರೆ ಊಟ ಬಡಿಸುತ್ತಿದ್ದದ್ದು ಮೇಲಿನ ಊಟದ ಹಾಲ್‌ನಲ್ಲಿ, ಕನ್ನಡಿ ಇಲ್ಲದ ಗೋಡೆಗಳ ನಡುವೆ, ಉದ್ದದ ಬೆಂಚುಗಳ ಮೇಲೆ. ಮೇಜರನ ಬ್ಯೂಗಲ್ ಹೊತ್ತುಹೊತ್ತಿಗೆ ಊದುತ್ತಿತ್ತು. ಬ್ಯೂಗಲ್ಲಿನ ತೊಂದರೆ ಏನೆಂದರೆ ಅದು ನಿಂತಲ್ಲೇ ನಿಂತು ಊದುತ್ತದೆ. ಗಾಳಿಯ ಕೊಳವೆಗಳಿಂದ ಅದರ ಸದ್ದು ನಾಲ್ಕೂ ಕಡೆಯಿಂದ ಒಟ್ಟಿಗೇ ಬರುತ್ತಿತ್ತು. ಹುಡುಗರು ಎದ್ದು ಓಣಿಯಲ್ಲಿ ದಿಕ್ಕುಗೆಟ್ಟು ತಿರುಗಿ, ಎಂಜಿನ್ ಮನೆಯ ಬಾಗಿಲು ಬಡಿದು ಬೈಸಿಕೊಂಡು, ಹಸಿದುಕೊಂಡೇ ವಾಪಸು ಬಂದು ಮಲಗುತ್ತಿದ್ದರು.

ಬೊಸ್ತ್ಯಾಂವ್‌ನಿಗೆ ತಡೆಯಲಾಗಲಿಲ್ಲ. ತನ್ನ ಹಡಗಿನಲ್ಲಿ ಹಸಿದು ಮಲಗುವವರಿದ್ದಾರೆ ಎಂದರೆ ಅವನ ಮಟ್ಟಿಗೆ ಅದು ಬೀದಿಯಲ್ಲಿ ನಿಲ್ಲಿಸಿ ಮುಖಕ್ಕೆ ಉಗುಳಿದ ಹಾಗೆ. ಒಂದು ಮಧ್ಯಾಹ್ನ ಕೋಟಿನ ಗುಂಡಿ ಹಾಕಿಕೊಂಡು, ಜಾಗಟೆ ಹಿಡಿದು, ಸೀದಾ ಗೋದಾಮಿಗಿಳಿದ. ಅಟ್ಟಗಳ ನಡುವೆ ನಿಂತು ಮೆಲ್ಲನೆ ಒಂದು ಪೆಟ್ಟು ಹೊಡೆದ.

ಮೇಲಿನ ಅಟ್ಟದಿಂದ ಒಂದು ತಲೆ ಎದ್ದಿತು. "ನಮ್ಮೂರ ದೇವಿ ಗುಡಿ ಗಂಟೆ ಇಲ್ಲಿಗೆ ಯಾರಪ್ಪಾ ತಂದೋರು?"

ತಲೆಯ ಒಡೆಯ ಕಲಮ್ ಸಿಂಗ್ ನೇಗಿ. ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ, ಬಾಯಿ ಮಾತ್ರ ಪೂರ್ತಿ ಬೆಳೆದಿತ್ತು.

"ಊಟಕ್ಕೆ, ಸಾಹೇಬ್," ಎಂದ ಬೊಸ್ತ್ಯಾಂವ್. "ನನ್ನ ಹಿಂದೆ ಬನ್ನಿ."

"ಕೇಳಿದ್ರೇನ್ರೋ? ನನ್ನ ಸಾಹೇಬ್ ಅಂದ್ರು. ಇನ್ಮೇಲೆ ನೀವೂ ಹಂಗೇ ಕರೀಬೇಕು," ಎನ್ನುತ್ತ ಕಲಮ್ ಸಿಂಗ್ ಇಳಿದ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಒಂದೆರಡು ದಿನದಲ್ಲಿ ಗೋದಾಮಿಗೆ ಗೋದಾಮೇ ಜಾಗಟೆಯ ಹಿಂದೆ ಸಾಲಾಗಿ ಬರತೊಡಗಿತು. ಹಿಂದೆ ಮಕ್ಕಳು ಬರುತ್ತಿದ್ದಂತೆಯೇ. ಬೊಸ್ತ್ಯಾಂವ್‌ನ ಎದೆ ಕೋಟಿನ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತು.

"ಬಟ್ಲರ್ ಸಾಬ್, ಒಂದೇ ಒಂದು ಪೆಟ್ಟು ನಾನು ಹೊಡೀಲಾ?" ಕಲಮ್ ಸಿಂಗ್‌ನದ್ದು ದಿನಾ ಇದೇ ರಾಗ.

"ಗವರ್ನರ್ ಮೊಮ್ಮಗನಿಗೇ ಕೊಟ್ಟಿಲ್ಲ."

"ಗವರ್ನರ್ ಮೊಮ್ಮಗನಿಗೆ ಹೊಟ್ಟೆ ತುಂಬಿತ್ತು. ಅವನು ಆಟಕ್ಕೆ ಕೇಳಿದ್ದು. ನಾನು ಹಸಿದು ಕೇಳ್ತಾ ಇದೀನಿ."

"ಹಸಿದಿದ್ರೆ ಬಾಯಿ ಮುಚ್ಕೊಂಡು ನಡಿ, ಸಾಹೇಬ್."

ಸುದ್ದಿ ಮೇಜರನಿಗೆ ತಲುಪಲು ತಡವಾಗಲಿಲ್ಲ. ಅವನು ಮೆಟ್ಟಿಲ ಬುಡದಲ್ಲಿ ಕಾದಿದ್ದು, ಇಡೀ ಸಾಲಿನ ಎದುರಿಗೆ ಬೊಸ್ತ್ಯಾಂವ್‌ನನ್ನು ತಡೆದ. "ನೀರಿನಡಿ ಶತ್ರುವಿನ ಸಬ್‌ಮರೀನ್ ಕಿವಿಗೊಟ್ಟು ಕೂತಿದೆ. ನೀನು ಮೇಲೆ ತಾಮ್ರ ಬಡೀತಾ ಇದೀಯ."

"ಹಿತ್ತಾಳೆ, ಸಾಬ್."

ಹುಡುಗರಲ್ಲಿ ಯಾರೋ ಕಿಸಕ್ಕೆಂದರು. ಮೇಜರ್ ಬಿಳಿಚಿಕೊಂಡ. ಕೈ ಚಾಚಿ ಜಾಗಟೆಯನ್ನೂ ಕೋಲನ್ನೂ ತೆಗೆದುಕೊಂಡ. "ಇದು ನನ್ನ ಕೋಣೇಲಿರುತ್ತೆ. ಏಡನ್ ತಲುಪಿದ ದಿನ ನಿನ್ನ ಟ್ರಂಕು ಎತ್ಕೊಂಡು ಇಳಿ. ಈ ಹಡಗಿಗೆ ಬೇರೆ ಬಟ್ಲರ್ ಬರ್ತಾನೆ."

ಆ ಸಂಜೆ ಜಪಮಾಲೆಯ ಪ್ರಾರ್ಥನೆಯಲ್ಲಿ ಬೊಸ್ತ್ಯಾಂವ್ ಮಣಿಗಳ ಲೆಕ್ಕ ತಪ್ಪಿದ. ಬೇರೆ ಹಡಗು ಸಿಗುತ್ತಿರಲಿಲ್ಲವೆಂದಲ್ಲ; ಯುದ್ಧಕಾಲದಲ್ಲಿ ಬಟ್ಲರ್‌ಗಳಿಗೆ ಬರಗಾಲವಿತ್ತು. ಅವನಿಗೆ ಬೇರೆ ಹಡಗು ಬೇಕಿರಲಿಲ್ಲ. ಜಾಕಿ ಪಕ್ಕದಲ್ಲಿ ಬಂದು ಕೂತ. ಅವನಿಗೆ ಸಮಾಧಾನ ಹೇಳಲು ಬರುವುದಿಲ್ಲ, ಕುಟುಕುವುದಷ್ಟೇ ಗೊತ್ತು.

"ಊರಲ್ಲಿ ಇನ್ಮೇಲೆ ಏನಂತ ಕರೀಬೇಕು ನಿನ್ನ? ಏಡನ್ ಬೊಸ್ತ್ಯಾಂವ್?"

"ಸುಮ್ನಿರು, ಜಾಕಿ."

"ರಾಕೆಲಿನ್ ಅಂತೂ ಇಗರ್ಜೀಲಿ ಮೇಣದಬತ್ತಿ ಹಚ್ತಾಳೆ. ಸವತಿ ತೊಲಗಿದ್ಲು ಅಂತ," ಎಂದ ಜಾಕಿ. ಆಮೇಲೆ ಸ್ವರ ಇಳಿಸಿ, "ಕ್ಷಮಾಪಣೆ ಕೇಳೋ, ಮಾರಾಯ. ಕಾಲಿಗೆ ಬೀಳೋದು ಬೇಡ. ತಪ್ಪಾಯ್ತು ಅಂದ್ರೆ ಸಾಕು," ಎಂದ.

"ತಪ್ಪೇನಾಯ್ತು? ಹಸಿದವರನ್ನ ಊಟಕ್ಕೆ ಕರೆದದ್ದಾ?"

ಜಾಕಿ ಎದ್ದುಹೋದ. ಬೊಸ್ತ್ಯಾಂವ್ ತನ್ನ ಟ್ರಂಕನ್ನು ಹೊರಗೆಳೆದು ಬಟ್ಟೆ ಮಡಚಿಡತೊಡಗಿದ. ಹೊರಡಿಸುವವರೆಗೆ ಕಾಯುವ ಜಾಯಮಾನದವನಲ್ಲ ಅವನು.

ಏಡನ್ ಇನ್ನು ಸ್ವಲ್ಪವೇ ದೂರವಿತ್ತು. ಮಧ್ಯಾಹ್ನದ ಊಟಕ್ಕೆ ಮುಂಚೆ, ಜಾಕಿ ಒಲೆಯಿಂದ ಪಾವಿನ ಹಲಗೆಗಳನ್ನು ಎಳೆಯುತ್ತಿದ್ದಾಗ, ಹಡಗು ಮುಂಗಾಲು ಮುರಿದ ಎತ್ತಿನಂತೆ ಮುಗ್ಗರಿಸಿತು. ಸದ್ದು ಆಮೇಲೆ ಕೇಳಿದ್ದು. ತಟ್ಟೆಗಳೆಲ್ಲ ಒಟ್ಟಿಗೇ ನೆಲಕ್ಕೆ ಬಿದ್ದವು. ಮುಂಭಾಗದ ದೀಪಗಳು ಆರಿದವು. ಟಾರ್ಪೆಡೊ ಹಡಗಿನ ಮೂತಿಗೇ ಬಡಿದಿತ್ತು.

ಎಲ್ಲರೂ ಬೋಟುಗಳ ಹತ್ತಿರ ಮೇಲಕ್ಕೆ ಓಡಿದರು. ಬೊಸ್ತ್ಯಾಂವ್ ಕೂಡ ತನಗೆ ಗೊತ್ತುಮಾಡಿದ್ದ ಬೋಟಿನ ಪಕ್ಕ ನಿಂತ. ಸಿಪಾಯಿಗಳು ಹಿಂದಿನ ಅಂತಸ್ತುಗಳಿಂದ ಸಾಲಾಗಿ ಬಂದರು. ಮುಂದಿನ ಗೋದಾಮಿನವರು ಬರಲಿಲ್ಲ. ಬ್ಯೂಗಲ್ ಊದುತ್ತಲೇ ಇತ್ತು. ಬೊಸ್ತ್ಯಾಂವ್ ಅದನ್ನು ಕೇಳಿದ, ಗಾಳಿ ಕೊಳವೆಗಳನ್ನು ನೋಡಿದ. ಕೆಳಗೆ ಕತ್ತಲಲ್ಲಿ ಆ ಸದ್ದು ನಾಲ್ಕೂ ದಿಕ್ಕಿನಿಂದ ಬರುತ್ತಿರುತ್ತದೆ ಎಂದು ಅವನಿಗೆ ಹೊಳೆಯಿತು. ಕಾಲು ತಾನಾಗಿ ಮೇಜರನ ಕೋಣೆಯ ಕಡೆ ತಿರುಗಿತು.

ಕೋಣೆ ತೆರೆದಿತ್ತು. ಜಾಗಟೆ ಮೊಳೆಗೆ ತೂಗುತ್ತಿತ್ತು. ಅದನ್ನು ಕೈಗೆ ಸುತ್ತಿಕೊಂಡು, ಕೋಲು ಹಿಡಿದು ಹೊರಬಂದರೆ ಎದುರಿಗೆ ಮೇಜರನೇ.

"ಬಟ್ಲರ್! ಬೋಟಿನ ಹತ್ತಿರ ಹೋಗು!"

"ಪ್ಯಾಸೆಂಜರ್ ಇನ್ನೂ ಕೆಳಗಿದಾರೆ, ಸಾಬ್," ಎಂದು ಬೊಸ್ತ್ಯಾಂವ್ ಅವನನ್ನು ದಾಟಿ ಮೆಟ್ಟಿಲಿಳಿದ. ಇಷ್ಟು ವರ್ಷದ ಚಾಕರಿಯಲ್ಲಿ ದೊರೆಯೊಬ್ಬನಿಗೆ ಬೆನ್ನು ತಿರುಗಿಸಿದ್ದು ಅದೇ ಮೊದಲು.

ಗೋದಾಮಿಗೂ ಓಣಿಗೂ ನಡುವೆ ಒಂದು ಉಕ್ಕಿನ ಬಾಗಿಲಿತ್ತು. ಅಲ್ಲಿ ದಾವೂದ್ ಸಾರಂಗ ಬಾಗಿಲಿನ ಹಿಡಿ ಹಿಡಿದು ನಿಂತಿದ್ದ. ರತ್ನಾಗಿರಿಯವನು, ಖಲಾಸಿಗಳ ಮುಖಂಡ, ಹೆದರುವವನಲ್ಲ. ಆದರೆ ಹಿಡಿ ತಿರುಗಿಸಲು ಅವನಿಂದ ಆಗುತ್ತಿರಲಿಲ್ಲ.

"ಬಾಗಿಲು ಮುಚ್ಚು ಅಂತ ಕಪ್ತಾನನ ಹುಕುಂ, ಭಾಯಿ. ಮುಚ್ಚಿದ್ರೆ ನೀರು ಇಲ್ಲೇ ನಿಲ್ಲುತ್ತೆ, ಹಡಗು ಉಳಿಯುತ್ತೆ. ಒಳಗೆ ಹುಡುಗರು ಕೂಗ್ತಾ ಇದಾರೆ. ಏಣಿ ಮುರಿದುಬಿದ್ದಿದೆ, ಈ ಕಡೆ ಬಾಗಿಲಿದೆ ಅಂದ್ರೆ ಒಬ್ಬನಿಗೂ ಕೇಳಿಸ್ತಿಲ್ಲ. ನಾನೇನು ಮಾಡ್ಲಿ?"

"ನನ್ನ ಜಾಗಟೆ ಕೇಳಿಸ್ತಾ ಇರೋ ತನಕ ತಡಿ."

"ಕೇಳಿಸದೇ ಹೋದ್ರೆ?"

"ಆವಾಗ ಮುಚ್ಚು," ಎಂದು ಬೊಸ್ತ್ಯಾಂವ್ ಒಳಹೊಕ್ಕ.

ನೀರು ಮೊಣಕಾಲಿಗಿತ್ತು. ಮೇಲೆ ಏಣಿಯ ಬಾಯಿದ್ದಲ್ಲಿ ಒಂದಿಷ್ಟು ಬೆಳಕು. ಅದರಡಿಯಲ್ಲಿ ಹುಡುಗರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು, ಇಲ್ಲದ ಏಣಿಯನ್ನು ಹತ್ತುತ್ತಿದ್ದರು. ಉಳಿದದ್ದೆಲ್ಲ ಕತ್ತಲು ಮತ್ತು ಕಿರುಚಾಟ. ಬೊಸ್ತ್ಯಾಂವ್ ಒಮ್ಮೆ ಕೂಗಿದ. ಅವನ ಕೂಗು ಅವನಿಗೇ ಕೇಳಿಸಲಿಲ್ಲ. ಆಗ ಅವನು ಮಾಡಿದ್ದನ್ನು ನಮ್ಮೂರ ಹುಡುಗರು ಈಗಲೂ ಆಡಿ ತೋರಿಸುತ್ತಾರೆ: ಕೈ ಎತ್ತಿ ಕೋಟಿನ ಕೊರಳ ಗುಂಡಿ ಹಾಕಿಕೊಂಡ. ಬೆನ್ನು ನೆಟ್ಟಗೆ ಮಾಡಿದ. ಒಂದು ಪೆಟ್ಟು ಹೊಡೆದ. ಅದರ ಗುಂಯ್ ಅಡಗುವ ತನಕ ಕಾದು ಇನ್ನೊಂದು.

ಕಿರುಚಾಟ ಹತ್ತಿರದಿಂದ ಶುರುವಾಗಿ ದೂರದವರೆಗೆ ಇಳಿಯುತ್ತ ಹೋಯಿತು. ಆ ಮೌನದಲ್ಲಿ ಪರಿಚಯದ ಒಂದು ದನಿ ಕೇಳಿತು.

"ಏ, ಊಟಕ್ಕೆ ಕರೀತಿದಾರೆ ಕಣ್ರೋ!"

ಕತ್ತಲಲ್ಲಿ ಯಾರೋ ನಕ್ಕರು. ಅಳುವಿನ ನಡುವೆಯೇ ಇನ್ನೂ ಕೆಲವರು ನಕ್ಕರು. ನೀರು ತಳ್ಳಿಕೊಂಡು ಬಂದು ಒಂದು ಕೈ ಬೊಸ್ತ್ಯಾಂವ್‌ನ ಕೋಟಿನ ತುದಿ ಹಿಡಿಯಿತು.

"ಯಾರು?"

"ನಾನೇ. ಗವರ್ನರ್ ಮೊಮ್ಮಗ," ಎಂದ ಕಲಮ್ ಸಿಂಗ್. ಅವನ ಹಲ್ಲು ಕಟಕಟಿಸುತ್ತಿತ್ತು.

"ನನ್ನ ಹಿಂದೆ ಬನ್ನಿ, ಸಾಹೇಬ್. ಒಬ್ಬರನ್ನೊಬ್ಬರು ಹಿಡ್ಕೊಳ್ಳಿ. ಕೊನೇಲಿ ಬರೋರು ಅಟ್ಟ ಎಲ್ಲ ಕೈಯಾಡಿಸಿ ಬನ್ನಿ."

"ಕೊನೇಲಿ ನಾನಿರ್ತೀನಿ," ಎಂದಿತು ದೂರದಿಂದ ಒಂದು ಗಡಸು ಸ್ವರ, ಅವರ ಸುಬೇದಾರನದ್ದು.

ಬೊಸ್ತ್ಯಾಂವ್ ನಡೆದ. ಓಡಲಿಲ್ಲ, ನಡೆದ. ತಾನು ಓಡಿದರೆ ಹಿಂದಿನ ಸಾಲು ಹರಿದುಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಕಾಲು ಓಡು ಓಡು ಎನ್ನುತ್ತಿತ್ತು, ನೀರು ತೊಡೆಗೆ ಬರುತ್ತಿತ್ತು, ರಾಕೆಲಿನ್ ಹೇಳಿದ್ದು ಕಿವಿಯಲ್ಲೇ ಇತ್ತು. ಆದರೂ ಅದೇ ನಡಿಗೆ, ಅವಸರವೂ ಇಲ್ಲ, ಆಲಸ್ಯವೂ ಇಲ್ಲ. ತಿರುವಿಗೊಂದು ಪೆಟ್ಟು, ಮೆಟ್ಟಿಲಿಗೆರಡು. ದಾವೂದ್ ಸಾರಂಗ ಬಾಗಿಲಲ್ಲಿ ನಿಂತು ಹಾದುಹೋಗುವ ಒಂದೊಂದು ಹೆಗಲನ್ನೂ ಮುಟ್ಟಿ ಮುಟ್ಟಿ ಕಳಿಸಿದ. ಸುಬೇದಾರ ಕಾಲು ಮುರಿದ ಇಬ್ಬರನ್ನು ಎಳೆದುಕೊಂಡು ಹೊರಬಿದ್ದ ಮೇಲೆ ದಾವೂದ್ ಬಾಗಿಲು ಮುಚ್ಚಿ ಹಿಡಿ ತಿರುಗಿಸಿದ. ಹೇಳಿಯೇಬಿಡಬೇಕು, ನಮ್ಮೂರಿನಿಂದ ಕಡಲಿಗೆ ಹೋದವರು ಲೆಕ್ಕವಿಲ್ಲದಷ್ಟು ಜನ, ಆದರೆ ಅಂಥ ನಡಿಗೆ ನಡೆದವನು ಬೊಸ್ತ್ಯಾಂವ್ ಒಬ್ಬನೇ.

ಆದರೆ ನಡಿಗೆಯಲ್ಲೇ ಒಂದು ಎಡವಟ್ಟೂ ಆಗಿತ್ತು. ಹಿಂದಿನಿಂದ ಸಾಲು ಬರುತ್ತಿದೆಯೇ ಎಂಬುದರ ಮೇಲೆಯೇ ಮನಸ್ಸಿಟ್ಟು, ದಾರಿಯನ್ನು ಅವನು ಕಾಲಿಗೆ ಬಿಟ್ಟುಕೊಟ್ಟಿದ್ದ. ಕಾಲಿಗೆ ಗೊತ್ತಿದ್ದದ್ದು ಒಂದೇ ದಾರಿ. ಬೆಳಕಿಗೆ ಬಂದು, ನಿಂತು, ಉದ್ದಕ್ಕೆ ಗುಂಯ್‌ಗುಡಿಸಿ ಮುಗಿಸಿದ ಮೇಲೆ ತಲೆಯೆತ್ತಿ ನೋಡಿದರೆ, ಅವನು ನಿಂತಿದ್ದದ್ದು ಬೋಟುಗಳ ಹತ್ತಿರವಲ್ಲ, ಊಟದ ಹಾಲ್‌ನ ಬಾಗಿಲಲ್ಲಿ.

"ಅಯ್ಯೋ ದೇವರೇ," ಎಂದ ಬೊಸ್ತ್ಯಾಂವ್.

ಹುಡುಗರು ಅಷ್ಟರಲ್ಲಿ ಅವನನ್ನು ದಾಟಿ ಒಳಹೋಗಿ, ತಂತಮ್ಮ ಬೆಂಚುಗಳ ಮೇಲೆ, ದಿನಾ ಕೂರುವ ಜಾಗದಲ್ಲೇ ಕೂತಿದ್ದರು. ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೆಲವರು ತಟ್ಟೆಗಾಗಿ ಕೈಯಾಡಿಸುತ್ತಿದ್ದರು. ಮೇಲೆ ಬೋಟುಗಳ ಹತ್ತಿರ ಮುಂದಿನ ಗೋದಾಮಿನವರ ಹೆಸರು ಕೂಗಿದರೆ ಓಗೊಡುವವರಿರಲಿಲ್ಲ. ಉಕ್ಕಿನ ಬಾಗಿಲು ಮುಚ್ಚಿತೆಂಬ ಸುದ್ದಿ ಬಂದಾಗ ಮೇಜರ್ ಅವರೆಲ್ಲ ಹೋದರೆಂದೇ ತಿಳಿದ. ತಲೆ ಕೆಟ್ಟವನಂತೆ ಮೆಟ್ಟಿಲಿಳಿದು ಓಡಿಬಂದವನು ಊಟದ ಹಾಲ್‌ನ ಮುಂದೆ ಗಕ್ಕನೆ ನಿಂತ.

ಒಳಗೆ ಜಾಕಿ ಪಾವಿನ ಬುಟ್ಟಿ ಹೊತ್ತು, ಕೊಡುವುದೋ ಬೇಡವೋ ಎಂದು ತಿಳಿಯದೆ ನಿಂತಿದ್ದ. ಹುಡುಗರ ಒಲೆ ನೀರಿನಲ್ಲಿ ಮುಳುಗಿತ್ತು. ಇದ್ದದ್ದು ಜಾಕಿಯ ಕೈಯ ಪಾವು ಮಾತ್ರ. ಸುಬೇದಾರ ಬುಟ್ಟಿಯನ್ನೊಮ್ಮೆ ನೋಡಿದ, ಬೊಸ್ತ್ಯಾಂವ್‌ನನ್ನೊಮ್ಮೆ ನೋಡಿದ.

"ಇಷ್ಟು ಮರ್ಯಾದೆಯಿಂದ ಕರೆದು ಕೂರಿಸಿದ ಮೇಲೆ ಒಲ್ಲೆ ಅನ್ನೋದು ಹೆಂಗೆ?" ಎಂದು ಒಂದು ಪಾವು ತೆಗೆದು ಮುರಿದು ಬಾಯಿಗಿಟ್ಟ. ಆಮೇಲೆ ಬುಟ್ಟಿ ಖಾಲಿಯಾಗಲು ಹೊತ್ತಾಗಲಿಲ್ಲ.

ಮೇಜರ್ ತುಟಿ ಅಲ್ಲಾಡಿಸುತ್ತ ಬೆಂಚಿನಿಂದ ಬೆಂಚಿಗೆ ತಲೆ ಎಣಿಸಿದ. ಮತ್ತೊಮ್ಮೆ ಎಣಿಸಿದ. ಟೋಪಿ ತೆಗೆದು, ಕೊನೆಯ ಬೆಂಚಿನ ತುದಿಯಲ್ಲಿ, ಸಿಪಾಯಿಗಳ ಪಕ್ಕದಲ್ಲೇ ಕುಸಿದು ಕೂತ.

"ಬಟ್ಲರ್," ಎಂದ, "ಟೀ ಇದೆಯಾ?"

ಹಡಗು ಮುಳುಗಲಿಲ್ಲ. ಮೂತಿ ತಗ್ಗಿಸಿಕೊಂಡು, ಪಂಪುಗಳು ಒಂದೇ ಸಮನೆ ನೀರು ಕಕ್ಕುತ್ತ, ನಡಿಗೆ ಕಲಿಯುವ ಮಗುವಿನ ವೇಗದಲ್ಲಿ ತಲವೋರಾ ಏಡನ್ ತಲುಪಿತು. ಬಂದರಿನಲ್ಲಿ ನಿಂತಿದ್ದ ಹಡಗುಗಳೆಲ್ಲ ಸಿಳ್ಳೆ ಹಾಕಿ ಅದನ್ನು ಒಳಗೆ ಕರೆದುಕೊಂಡವು. ಹುಡುಗರು ಇಲ್ಲಿ ಇಳಿದು ಬೇರೆ ಹಡಗು ಹತ್ತಿ ಯುದ್ಧಕ್ಕೆ ಹೋಗಬೇಕಿತ್ತು. ಬೊಸ್ತ್ಯಾಂವ್ ಜಾಗಟೆಯನ್ನು ಒರೆಸಿ ಮೇಜರನ ಕೋಣೆಯ ಅದೇ ಮೊಳೆಗೆ ತೂಗುಹಾಕಿ ಬಂದ. ಟ್ರಂಕು ಹೊತ್ತು ತಂದು ಏಣಿಯ ಪಕ್ಕ ಇಟ್ಟು, ಎಲ್ಲರೂ ಇಳಿಯಲೆಂದು ದೂರ ಸರಿದು ನಿಂತ. ಏಡನ್‌ನಲ್ಲಿ ಇಳಿ ಎಂದಿದ್ದರು, ಏಡನ್ ಬಂದಿತ್ತು. ಆ ಮಾತನ್ನು ವಾಪಸು ತೆಗೆದುಕೊಂಡೆ ಎಂದು ಯಾರೂ ಹೇಳಿರಲಿಲ್ಲ, ಇವನು ಕೇಳುವವನೂ ಅಲ್ಲ. ಜಾಕಿ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ.

ಮೇಜರ್ ಬಂದ. ಅವನ ಕೈಯಲ್ಲಿ ಜಾಗಟೆಯಿತ್ತು. ಟ್ರಂಕನ್ನು ನೋಡಿ ಹುಬ್ಬು ಗಂಟಿಕ್ಕಿದ.

"ಇದೇನು?"

"ನನ್ನ ಟ್ರಂಕು, ಸಾಬ್."

"ಅದನ್ನ ಒಳಗಿಡು. ಪ್ಯಾಸೆಂಜರ್‌ಗಳು ಇಳೀತಾ ಇದಾರೆ. ಬಾಗಿಲಲ್ಲಿ ಬಟ್ಲರ್ ನಿಲ್ಲದೇ ಇದ್ರೆ ಹೇಗೆ?"

ಬೊಸ್ತ್ಯಾಂವ್ ಜಾಗಟೆ ತೆಗೆದುಕೊಂಡ. ಟ್ರಂಕನ್ನು ಒಳಗೆ ತಳ್ಳಿದ. ಬಾಗಿಲಲ್ಲಿ ಹೋಗಿ ನಿಂತ. ತಲವೋರಾದ ಬಟ್ಲರ್ ಇಳಿದುಹೋಗುವವರಿಗೆ ಹೇಳುವ ಮಾತು ಒಂದೇ, ಗವರ್ನರನಿಗೂ ಅದೇ, ಅಂಗಡಿಯವನಿಗೂ ಅದೇ. ಒಬ್ಬೊಬ್ಬ ಹುಡುಗನಿಗೂ ತಲೆಬಾಗಿ ಅದನ್ನೇ ಹೇಳಿದ: "ಮತ್ತೆ ಬನ್ನಿ, ಸಾಹೇಬ್." ಎಷ್ಟೋ ವರ್ಷ ಅಭ್ಯಾಸಬಲದಿಂದ ಆಡಿದ್ದ ಮಾತು. ಅವತ್ತು ಆಡುವಾಗ ಅದರ ಅರ್ಥ ಅವನಿಗೆ ಮೊದಲ ಸಲ ತಿಳಿಯಿತು, ಕಣ್ಣು ತುಂಬಿ ಬಂತು.

"ಬರ್ತೀನಿ," ಎಂದ ಕಲಮ್ ಸಿಂಗ್. "ಆವಾಗಾದ್ರೂ ಕೋಲು ಕೊಡ್ತೀರಾ?"

"ಮೊದಲು ಬಾ. ಆಮೇಲೆ ನೋಡೋಣ."

ತಲವೋರಾಕ್ಕೆ ಹೊಸ ಮೂತಿ ಕೂರಿಸಿದರು. ಅದು ಬೂದಿ ಬಣ್ಣದಲ್ಲೇ ಯುದ್ಧ ಮುಗಿಯುವವರೆಗೂ ದುಡಿಯಿತು, ಸಾವಿರಾರು ಜನರನ್ನು ಹೊತ್ತಿತು. ಪ್ರತಿ ಊಟಕ್ಕೂ ಜಾಗಟೆ ಮೊಳಗುತ್ತಿತ್ತು; ತಡೆಯಲು ಯಾರಿಗೂ ಧೈರ್ಯವಿರಲಿಲ್ಲ. ಯುದ್ಧ ಮುಗಿದ ಮೇಲೆ ಗಾಯಾಳುಗಳನ್ನು ಕರೆತರಲು ನೇಪಲ್ಸ್ ಬಂದರಿಗೆ ಹೋಯಿತು. ಬೊಸ್ತ್ಯಾಂವ್ ಬಾಗಿಲಲ್ಲಿ ನಿಂತಿದ್ದ. ಕೋಟು ಈಗ ಸ್ವಲ್ಪ ಸಡಿಲವಾಗಿತ್ತು, ಮೀಸೆ ಬೆಳ್ಳಗಾಗಿತ್ತು. ಊರುಗೋಲಿನವರು, ಕಣ್ಣಿಗೆ ಪಟ್ಟಿ ಕಟ್ಟಿದವರು, ಡೋಲಿಯಲ್ಲಿ ಮಲಗಿದವರು. ಎಲ್ಲರಿಗೂ "ಬನ್ನಿ ಸಾಹೇಬ್". ಒಬ್ಬ ಮೀಸೆಯ ಸಿಪಾಯಿ ಏಣಿಯ ಮೇಲೆ ನಿಂತೇ ನಿಂತ, ಮುಂದೆ ಬರಲಿಲ್ಲ. ಅವನ ಅಂಗಿಯ ಎಡತೋಳನ್ನು ಮಡಚಿ ಪಿನ್ನು ಹಾಕಿತ್ತು, ಒಳಗೆ ಕೈ ಇರಲಿಲ್ಲ.

"ಮತ್ತೆ ಬನ್ನಿ ಅಂದಿದ್ರಲ್ಲ, ಬಟ್ಲರ್ ಸಾಬ್," ಎಂದ. "ಬಂದೆ ನೋಡಿ."

ಬೊಸ್ತ್ಯಾಂವ್ ಅವನ ಬೆನ್ನ ಹಿಂದೆ, ಏಣಿಯ ಉದ್ದಕ್ಕೂ ನೋಡಿದ, ಆ ಗೋದಾಮಿನ ಬೇರೆ ಮುಖಗಳಿಗಾಗಿ. ಕಲಮ್ ಸಿಂಗ್ ಮೆಲ್ಲನೆ ತಲೆಯಾಡಿಸಿದ. "ಸ್ವಲ್ಪ ಜನ ಬಂದಿದೀವಿ. ಸುಬೇದಾರ್ ಸಾಬ್ ಅಲ್ಲೇ ಉಳಿದ್ರು."

ಬೊಸ್ತ್ಯಾಂವ್ ಏಣಿಯ ಮೇಲೆ ಎರಡು ಹೆಜ್ಜೆ ಇಳಿದ. ಅವನ ಬಲಗೈಯನ್ನು ಹಿಡಿದು ಹಡಗಿನೊಳಗೆ ಕರೆದುಕೊಂಡ. ಊಟದ ಹೊತ್ತು ಇನ್ನೂ ಆಗಿರಲಿಲ್ಲ, ಜಾಕಿಯ ಒಲೆಯಲ್ಲಿ ಪಾವು ಅರ್ಧ ಬೆಂದಿತ್ತು. ಆದರೂ ಬೊಸ್ತ್ಯಾಂವ್ ಹೋಗಿ ಜಾಗಟೆ ತಂದ. ಕೊರಳ ಗುಂಡಿ ಹಾಕಿಕೊಂಡ. ಗೋದಾಮಿನ ಆ ಉಕ್ಕಿನ ಬಾಗಿಲ ಹತ್ತಿರ ನಿಂತು, ಪಟ್ಟಿಯನ್ನು ತನ್ನ ಎಡಗೈಗೆ ಸುತ್ತಿ ಜಾಗಟೆಯನ್ನು ಎತ್ತಿ ಹಿಡಿದು, ಕೋಲನ್ನು ಕಲಮ್ ಸಿಂಗ್‌ನ ಕೈಗೆ ಕೊಟ್ಟ.

"ತಿರುವಿಗೆ ಒಂದು," ಎಂದ. "ಮೆಟ್ಟಿಲಿಗೆ ಎರಡು. ಅವಸರ ಮಾಡ್ಬೇಡ, ಸಾಹೇಬ್. ಹಿಂದೆ ಜನ ಬರ್ತಿರ್ತಾರೆ."